ಕಾಜಾಣದ ಹತ್ತು ದನಿ

ಒಂದು ಕಾಡಿನಲ್ಲಿ ಬೇಸಿಗೆಗೂ ಬತ್ತದ ಹೊಂಡ ಒಂದೇ ಇತ್ತು. ನೀರಿಗೆ ಬಗ್ಗಿದವರಿಗೆ ಹಿಂದೆ ಬರುವವರು ಕಾಣುವುದಿಲ್ಲ. ಅದಕ್ಕೇ ಅಲ್ಲೊಂದು ಕಟ್ಟುಪಾಡು: ಎಲ್ಲರೂ ಕುಡಿದು ಮುಗಿಸುವ ತನಕ ಒಬ್ಬರು ಕಾವಲಿರಬೇಕು.

ಆ ಕೆಲಸ ಕಾಜಾಣ ಹಕ್ಕಿಯದು. ಮತ್ತಿ ಮರದ ತುದಿಯಲ್ಲಿ ಕೂತು ಜಿಂಕೆಗೆ ಜಿಂಕೆಯ ದನಿಯಲ್ಲಿ, ಹಂದಿಗೆ ಹಂದಿಯ ದನಿಯಲ್ಲಿ, ನವಿಲಿಗೆ ನವಿಲಿನ ದನಿಯಲ್ಲಿ ಕೂಗಿ ಎಚ್ಚರಿಸುತ್ತಿತ್ತು.

ಒಂದು ನರಿ ಮಾತ್ರ ಒಳಗೊಳಗೇ ಉರಿಯುತ್ತಿತ್ತು. ಅದು ಚಿರತೆ ಬಿಟ್ಟ ಎಲುಬು ಕಡಿದು ಬದುಕುವ ಪ್ರಾಣಿ. ಕಾಜಾಣ ಇರುವ ತನಕ ಹೊಂಡದ ಬಳಿ ಚಿರತೆಗೆ ಬೇಟೆಯಿಲ್ಲ, ನರಿಗೆ ಎಲುಬಿಲ್ಲ. ಒಂದು ಬೆಳಿಗ್ಗೆ ಅದು ಎಲ್ಲರನ್ನೂ ಸೇರಿಸಿತು.

"ಹಂದಿಯಜ್ಜ, ನೀವು ಹಿರಿಯರು, ನೀವೇ ಹೇಳಿ. ಬೆಳಿಗ್ಗೆ ನವಿಲು, ಮಧ್ಯಾಹ್ನ ಕೋತಿ! ಇದರ ಸ್ವಂತ ದನಿ ಯಾವುದು? ಇಂಥದ್ದನ್ನು ನಂಬೋದು ಹೇಗೆ? ನನ್ನ ನೋಡಿ, ಹುಟ್ಟಿದಾಗಿನಿಂದ ಒಂದೇ ಊಳು."

"ಹೌದಲ್ಲ!" ಎಂದಿತು ಹಂದಿಯಜ್ಜ.

ಕಾವಲು ನರಿಗೆ ಹೋಯಿತು.

ಅವತ್ತೇ ಸಂಜೆ ಕಾಜಾಣ ಬಿದಿರುಮೆಳೆಯಲ್ಲಿ ಹುಳ ಹಿಡಿಯುತ್ತಿದ್ದಾಗ ಕೆಳಗೆ ಪಿಸುಮಾತು ಕೇಳಿತು.

"ಧಣಿ, ನಾಳೆ ಆ ಕುಂಟು ಜಿಂಕೆಮರಿ ನೀರಿಗೆ ಬಗ್ಗಿದ ಕೂಡಲೇ ಅದರ ಪಕ್ಕದಲ್ಲೇ ನಿಂತು ಮೂರು ಸಲ ಊಳಿಡ್ತೀನಿ. ಊಳು ಬಂದ ಕಡೆಗೇ ಹಾರಿ."

"ತಪ್ಪಿದರೆ?" ಗುರುಗುಟ್ಟಿತು ಚಿರತೆ.

"ತಪ್ಪಿದರೆ ನನ್ನನ್ನೇ ತಿನ್ನಿ!"

ಕಾಜಾಣ ಹಾರಿ ಬಂದು ಎಲ್ಲರಿಗೂ ಹೇಳಿತು. "ಕೆಲಸ ಹೋದ ಹೊಟ್ಟೆಕಿಚ್ಚು," ಎಂದು ಹಂದಿಯಜ್ಜ ಮುಸುಡಿ ತಿರುಗಿಸಿತು. ಮರಿಯ ತಾಯಿ ಮಾತ್ರ ನಂಬಿತು.

"ಬಾರದೆ ಇದ್ದರೆ ಮರಿ ಬಾಯಾರಿ ಸಾಯುತ್ತೆ ಅಣ್ಣಾ. ಬಂದರೆ ಓಡೋಕೆ ಕಾಲಿಲ್ಲ. ಏನು ಮಾಡಲಿ?"

"ಬಾ ತಂಗಿ. ನಾನಿರ್ತೀನಿ."

ಮರುದಿನ ಮರಿ ಕುಂಟುತ್ತಾ ಬಂದು ನೀರಿಗೆ ಬಾಯಿಟ್ಟಿತು. ತಾಯಿ ಕಿವಿ ನಿಮಿರಿಸಿ ನಿಂತಿತ್ತು. ಮರಿಯ ಪಕ್ಕದಲ್ಲೇ ನರಿ ಕತ್ತು ಎತ್ತಿತು, ಬಾಯಿ ತೆರೆಯಿತು. ಅಷ್ಟರಲ್ಲಿ ಆಚೆ ದಡದ ಜೊಂಡಿನಿಂದ ಮೂರು ಊಳು! ಥೇಟ್ ನರಿಯದೇ.

ಚಿರತೆ ಪೊದೆಯಿಂದ ಆ ಕಡೆಗೇ ಹಾರಿತು. ಅಲ್ಲಿದ್ದದ್ದು ಕೆಸರು. ಹೊಟ್ಟೆಯ ತನಕ ಹೂತುಹೋಯಿತು.

ಜೊಂಡಿನಿಂದ ಮೇಲೆದ್ದ ಕಾಜಾಣ ಎಲ್ಲರಿಗೂ ಅವರವರ ದನಿಯಲ್ಲಿ ಕೂಗಿತು. ಎಲ್ಲರೂ ಹೊಂಡ ಬಿಟ್ಟು ಮೆಳೆಯತ್ತ ಓಡಿದರು. ಮರಿ ಕುಂಟುತ್ತಲೇ ಮೆಳೆಯ ಹಿಂದೆ ಸೇರಿ ತಾಯಿಯ ಹೊಟ್ಟೆಗೆ ಒತ್ತಿಕೊಂಡಿತು. ತಾಯಿ ಅದರ ತಲೆ ನೆಕ್ಕಿತು.

ಚಿರತೆ ಕೆಸರಿನಿಂದ ಎದ್ದುಬಂತು.

"ಧಣಿ, ನಾನಿನ್ನೂ ಊಳಿಟ್ಟೇ ಇರಲಿಲ್ಲ!" ಎಂದು ಕಿರುಚಿತು ನರಿ.

ಮೆಳೆಯ ಹಿಂದೆ ಎಲ್ಲರಿಗೂ ಅದು ಕೇಳಿತು.

"ನಿನ್ನ ದನಿ ನನಗೆ ಗೊತ್ತಿಲ್ವೇನೋ? ಒಂದೇ ಊಳು ಅಲ್ವಾ ನಿಂದು?" ಚಿರತೆ ಅಟ್ಟಿಸಿಕೊಂಡು ಹೋಯಿತು. ಇಬ್ಬರೂ ಗುಡ್ಡದಾಚೆ ಹೋದವರು ಮತ್ತೆ ಬರಲಿಲ್ಲ.

ಹಂದಿಯಜ್ಜ ತಲೆ ತಗ್ಗಿಸಿ ಮತ್ತಿ ಮರದ ಕೆಳಗೆ ಬಂತು. "ತಪ್ಪಾಯ್ತಪ್ಪ. ಆದರೂ ಕೇಳ್ತೀನಿ, ನಿನ್ನ ಸ್ವಂತ ದನಿ ಯಾವುದು?"

"ಎಲ್ಲಾ ನಂದೇ ಅಜ್ಜ. ಕಷ್ಟಪಟ್ಟು ಕಲಿತವನು ನಾನೇ ತಾನೇ?"

ಆಮೇಲೂ ಆ ಕಾಡಿನಲ್ಲಿ ಆಗೊಮ್ಮೆ ಈಗೊಮ್ಮೆ ನರಿಯ ಊಳು ಕೇಳುತ್ತಿತ್ತು. ಯಾರೂ ಹೆದರುತ್ತಿರಲಿಲ್ಲ. ಕುಂಟು ಮರಿಯನ್ನು ನಗಿಸಲು ಕಾಜಾಣ ಕೂಗುತ್ತಿತ್ತು, ಅಷ್ಟೇ.

ನೀತಿ: ಹತ್ತು ವಿದ್ಯೆ ಬಲ್ಲವರನ್ನು ಬಹುಮುಖ ಪ್ರತಿಭೆ ಎನ್ನುತ್ತೇವೆ. ಅವರನ್ನು ನಂಬಬೇಕೋ ಬೇಡವೋ ಎಂಬುದನ್ನು, ಆ ವಿದ್ಯೆ ಯಾರ ಒಳಿತಿಗೆ ಬಳಕೆಯಾಗುತ್ತಿದೆ ಎಂದು ನೋಡಿ ತಿಳಿಯಬೇಕು.