ಮಲ್ಲಿಗೆ ತೋಟದ ಕೆಳಗಿನ ಪೈಪು

ಮೋನಪ್ಪ ಮಾಸ್ಟ್ರು ಪೈಪುಗಳನ್ನು ಪರೀಕ್ಷೆ ಮಾಡುವವರು. ಕಡಲ ಕಡೆಯಿಂದ ಬಂದ ಅನಿಲದ ಪೈಪು ಹೊಳೆ ದಾಟುವಲ್ಲಿ ಒಂದು ತಗಡಿನ ಶೆಡ್ಡು ಇತ್ತು. ಅವರು ಅದರಲ್ಲಿ ಒಬ್ಬರೇ ಇದ್ದರು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಬೆಳಿಗ್ಗೆ ಬೇಯಿಸಿದ ಗಂಜಿಯೇ ರಾತ್ರಿಗೂ ಆಗುತ್ತಿತ್ತು.

ಗದಗದ ಕಡೆಯಿಂದ ನೀಲಗಂಗಾ ಎಂಬ ಹುಡುಗಿ ಕೆಲಸ ಕಲಿಯಲು ಅವರ ಬಳಿಗೆ ಬಂದಳು. ಅಲ್ಲಿಯವರ ತುಳು ಅವಳಿಗೆ ತಿಳಿಯದು. ಇಡೀ ದಿನ ಮಾತಾಡಲು ಮಾಸ್ಟ್ರು ಒಬ್ಬರೇ. ಅವರಿಗೋ ಮಾತು ಕಡಿಮೆ.

ಮಾಸ್ಟ್ರು ಪೈಪಿನ ಸುತ್ತ ದಪ್ಪನೆಯ ಪಟ್ಟಿಯೊಂದನ್ನು ಬಿಗಿದು ತೋರಿಸಿದರು.

"ಇದು ಕಬ್ಬಿಣದೊಳಗೆ ಶಬ್ದ ಕಳಿಸುತ್ತದೆ. ನಮ್ಮ ಕಿವಿಗೆ ಕೇಳುವಂಥದ್ದಲ್ಲ. ಪೈಪಿನ ಗೋಡೆ ಹಿಡಿದುಕೊಂಡು ದೂರ ಹೋಗುತ್ತದೆ. ದಾರಿಯಲ್ಲಿ ಬೆಸುಗೆ ಸಿಕ್ಕಿದರೆ, ತುಕ್ಕು ತಿಂದ ಜಾಗ ಸಿಕ್ಕಿದರೆ, ಅಲ್ಲಿಂದ ಒಂದಿಷ್ಟು ತಿರುಗಿ ಬರುತ್ತದೆ."

"ತಿರುಗಿ ಬಂದದ್ದು ನಮಗೆ ಹೇಗೆ ಗೊತ್ತಾಗುತ್ತದೆ?"

"ಪರದೆಯ ಮೇಲೆ ಗೆರೆಯಾಗಿ ಏಳುತ್ತದೆ. ಅದನ್ನು ಓದಲು ಕಲಿ."

ಅವಳು ಕಲಿತಳು. ಬೆಸುಗೆಯ ಗೆರೆ ಯಾವುದು, ತುಕ್ಕಿನ ಗೆರೆ ಯಾವುದು ಎಂದು ನೋಡಿದ ಕೂಡಲೇ ಹೇಳುವಷ್ಟಾದಳು.

ಮಳೆಗಾಲ ಮುಗಿದ ಮೇಲೆ ಅನಿಲ ನಿಲ್ಲಿಸಿ ಹೊಳೆದಂಡೆಯ ಭಾಗವನ್ನು ಪರೀಕ್ಷಿಸಬೇಕಾಯಿತು. ಅಲ್ಲಿ ಪೈಪು ಕುಸುಮಕ್ಕನ ಮಲ್ಲಿಗೆ ತೋಟದ ಕೆಳಗೆ ಮಣ್ಣಿನಲ್ಲಿ ಹೂತು ಹೋಗಿತ್ತು. ಕುಸುಮಕ್ಕ ಒಂಟಿ ಹೆಂಗಸು. ಹೂ ಕಟ್ಟಿ ಮಾರಿ ಬದುಕುತ್ತಿದ್ದಳು. ಅವಳ ಮನೆಯಾಚೆ ಇಡೀ ಕೇರಿ.

ನೀಲಗಂಗಾ ತೋಟದ ಈಚೆ, ಪೈಪು ಮೇಲೆ ಕಾಣುವಲ್ಲಿ ಪಟ್ಟಿ ಬಿಗಿದು ಶಬ್ದ ಕಳಿಸಿದಳು. ತೋಟದ ಅಂಚಿನ ತನಕ ಗೆರೆಗಳು ಎದ್ದವು. ಆಮೇಲೆ ಪರದೆ ಸಪಾಟಾಯಿತು.

"ತೋಟದ ಕೆಳಗೆ ಪೈಪು ಚೆನ್ನಾಗಿದೆ ಮಾಸ್ಟ್ರೇ. ತುಕ್ಕಿಲ್ಲ."

"ಬೆಸುಗೆ?"

"ಅದೂ ಕಾಣುತ್ತಿಲ್ಲ."

"ಅಷ್ಟುದ್ದದ ಪೈಪಿಗೆ ನಡುವೆ ಬೆಸುಗೆಯೇ ಇಲ್ಲವಾ?"

ಅವಳ ಮುಖ ಬಿಸಿಯಾಯಿತು. ಒದ್ದೆ ಜೇಡಿಮಣ್ಣು ಶಬ್ದವನ್ನು ದಾರಿಯಲ್ಲೇ ಹೀರಿಕೊಂಡಿತ್ತು. ಪಟ್ಟಿ ಬಿಚ್ಚಿಕೊಂಡು ತೋಟದ ಆಚೆ ಬದಿಗೆ ಹೋಗಿ ಅಲ್ಲಿಂದಲೂ ಕಳಿಸಿದಳು. ಅಲ್ಲಿಂದಲೂ ಏನೂ ಬರಲಿಲ್ಲ.

ಸಂಜೆ ಪ್ರಸನ್ನಕುಮಾರ್ ಜೀಪಿನಲ್ಲಿ ಬಂದರು. ಆ ಪೈಪಿನ ಉಸ್ತುವಾರಿ ಅವರದು.

"ನಾಳೆ ಅನಿಲ ಬಿಡಬೇಕು. ದೋಷ ಏನಾದರೂ ಕಂಡಿತಾ?"

"ತೋಟದ ಕೆಳಗೆ ಏನೂ ಕಾಣಲಿಲ್ಲ ಸರ್," ಎಂದಳು ನೀಲಗಂಗಾ.

"ಸರಿ ಹಾಗಾದರೆ. ದೋಷ ಇಲ್ಲ ಅಂತ ಬರೆದು ಸಹಿ ಹಾಕಿ ಕೊಡಮ್ಮ."

ಅವಳು ಮಾಸ್ಟ್ರ ಕಡೆ ನೋಡಿದಳು. ಅವರು ಪಟ್ಟಿಗೆ ಅಂಟಿದ ಕೆಸರನ್ನು ಒರೆಸುತ್ತಿದ್ದರು.

"ನಾನೇನು ಬರೆಯಲಿ ಮಾಸ್ಟ್ರೇ?"

"ಪರೀಕ್ಷೆ ಮಾಡಿದವಳು ನೀನು."

ಅವಳು ಪರದೆಯ ಸಪಾಟು ಗೆರೆಯನ್ನು ಮತ್ತೊಮ್ಮೆ ನೋಡಿದಳು. ಕೊನೆಗೆ, ತೋಟದ ಕೆಳಗಿನ ಪೈಪಿನ ಸ್ಥಿತಿ ಗೊತ್ತಾಗಿಲ್ಲ, ಅಗೆದು ನೋಡಬೇಕು ಎಂದು ಬರೆದಳು.

ಪ್ರಸನ್ನಕುಮಾರ್ ಓದಿ ಕಾಗದ ಮಡಚಿದರು. ಪರೀಕ್ಷೆಯ ಸಹಿ ಇಲ್ಲದೆ ಅನಿಲ ಬಿಡುವಂತಿರಲಿಲ್ಲ. ಜೀಪಿನ ಬಾಗಿಲನ್ನು ಜೋರಾಗಿ ಹಾಕಿಕೊಂಡರು.

ಮರುದಿನ ಹಾರೆ ಪಿಕಾಸಿ ಹಿಡಿದು ಆಳುಗಳು ಬಂದಾಗ ಕುಸುಮಕ್ಕ ಅಂಗಳದಲ್ಲಿ ಅಡ್ಡ ನಿಂತಳು. ನೀಲಗಂಗಾಳಿಗಾಗಿ ಕನ್ನಡದಲ್ಲೇ ಮಾತಾಡಿದಳು.

"ಪೈಪಿನಲ್ಲಿ ತೂತು ಉಂಟಾ?"

"ಗೊತ್ತಿಲ್ಲಕ್ಕ."

"ಗೊತ್ತಿಲ್ಲದೆ ನನ್ನ ಗಿಡ ಕೀಳುತ್ತೀರಾ?"

"ಬೇರೆ ಗಿಡ ಕೊಡಿಸುತ್ತಾರೆ."

"ಕೊಡಿಸಬಹುದು. ಅದು ಹೂ ಬಿಡುವ ತನಕ ನಾನು ಏನನ್ನು ಕಟ್ಟಲಿ, ಹೇಳು."

ಕುಸುಮಕ್ಕ ಬಿರಿಯಲಿದ್ದ ಮೊಗ್ಗುಗಳನ್ನೆಲ್ಲ ಸೆರಗಿಗೆ ಕೊಯ್ದುಕೊಂಡು ಒಳಗೆ ಹೋದಳು.

ಮಲ್ಲಿಗೆ ಗಿಡಗಳು ಒಂದೊಂದಾಗಿ ಬುಡಸಮೇತ ಬಂದವು. ಮಾಸ್ಟ್ರು ಅವುಗಳ ಬೇರಿಗೆ ಒದ್ದೆ ಗೋಣಿ ಸುತ್ತಿ ನೆರಳಿಗೆ ಇಟ್ಟರು. ಹೊಂಡದಲ್ಲಿ ನೀರು ಜಿನುಗುತ್ತಲೇ ಇತ್ತು. ಪೈಪು ಕಂಡಾಗ ನೀಲಗಂಗಾ ಕೆಸರಿಗಿಳಿದು ಮೇಲಿನ ಹೊದಿಕೆ ಸುಲಿದಳು, ಬಟ್ಟೆಯಿಂದ ಉಜ್ಜಿದಳು, ಅಂಗೈಯಗಲ ಜಾಗವನ್ನೂ ಬಿಡದೆ ಗೋಡೆಯ ದಪ್ಪ ಅಳೆದಳು.

ಪೈಪಿಗೆ ಏನೂ ಆಗಿರಲಿಲ್ಲ. ಕಬ್ಬಿಣ ಹೊಸದರ ಹಾಗೆ ಹೊಳೆಯಿತು.

ಆಳುಗಳಲ್ಲಿ ಯಾರೋ ತುಳುವಿನಲ್ಲಿ ಏನೋ ಅಂದರು. ಉಳಿದವರು ನಕ್ಕರು. ಏನೆಂದು ಅವಳಿಗೆ ತಿಳಿಯಲಿಲ್ಲ. ತನ್ನ ಬಗ್ಗೆಯೇ ಎಂದು ಮಾತ್ರ ತಿಳಿಯಿತು.

ಪ್ರಸನ್ನಕುಮಾರ್ ಹೊಂಡದ ಅಂಚಿಗೆ ಬಂದು ಬಗ್ಗಿ ನೋಡಿದರು.

"ಈಗ ಗೊತ್ತಾಯಿತಾ?"

"ಗೊತ್ತಾಯಿತು ಸರ್."

"ನನಗೆ ಮೊದಲೇ ಗೊತ್ತಿತ್ತು," ಎಂದು ಹೊರಟುಹೋದರು.

ಹೊದಿಕೆ ಸುತ್ತಿ ಹೊಂಡ ಮುಚ್ಚಿದ್ದಾಯಿತು. ಆಳುಗಳು ಲಾರಿ ಹತ್ತಿದರು. ಮಾಸ್ಟ್ರೂ ನೀಲಗಂಗಾಳೂ ಗೋಣಿ ಬಿಚ್ಚಿ ಗಿಡಗಳನ್ನು ಮತ್ತೆ ನೆಟ್ಟು ನೀರು ಹಾಕಿದರು. ಎಲೆಗಳಾಗಲೇ ಜೋತು ಬಿದ್ದಿದ್ದವು. ಎಷ್ಟು ಬದುಕುತ್ತವೋ ಹೇಳುವಂತಿರಲಿಲ್ಲ. ನೀಲಗಂಗಾ ಕುಸುಮಕ್ಕನ ಬಾಗಿಲಿಗೆ ಹೋಗಿ, "ಅಕ್ಕಾ, ತಪ್ಪು ತಿಳಿಯಬೇಡಿ," ಎಂದಳು.

ಒಳಗೆ ಪಾತ್ರೆಯ ಸದ್ದು ನಿಂತಿತು. ಬಾಗಿಲು ತೆರೆಯಲಿಲ್ಲ.

ಅವಳು ಬಂದು ಹೊಳೆಯ ದಡದಲ್ಲಿ ಮಾಸ್ಟ್ರ ಪಕ್ಕ ಕೂತಳು. ಕೆಸರು ಕೈಯಲ್ಲೇ ಒಣಗಿತ್ತು. ಕುಸುಮಕ್ಕನ ಮನೆಯಾಚೆಯ ಕೇರಿಯಲ್ಲಿ ದೀಪ ಹತ್ತುತ್ತಿದ್ದವು. ಯಾರದೋ ಮನೆಯಲ್ಲಿ ಮೀನು ಹುರಿಯುವ ವಾಸನೆ. ಒಬ್ಬ ತಾಯಿ ಮಗುವನ್ನು ಊಟಕ್ಕೆ ಕರೆಯುತ್ತಿದ್ದಳು.

"ದೋಷ ಇಲ್ಲ ಅಂತ ಬರೆದಿದ್ದರೂ ಸರಿಯೇ ಆಗುತ್ತಿತ್ತು ಮಾಸ್ಟ್ರೇ."

"ಹೌದು."

"ಕುಸುಮಕ್ಕನ ಗಿಡ ಉಳಿಯುತ್ತಿದ್ದವು."

"ಉಳಿಯುತ್ತಿದ್ದವು."

"ಮತ್ತೆ ನೀವು ಯಾಕೆ ನನ್ನನ್ನು ತಡೆಯಲಿಲ್ಲ?"

"ತಡೆದಿದ್ದರೆ ನೀನು ಇಲ್ಲಿ ಹೀಗೆ ಕೂತಿರುತ್ತಿರಲಿಲ್ಲ. ಮನೆಗೆ ಹೋಗಿ ಮಲಗುತ್ತಿದ್ದೆ. ಕೇರಿಯೂ ಮಲಗುತ್ತಿತ್ತು. ಕೆಳಗೆ ಏನುಂಟು ಅಂತ ಯಾರಿಗೂ ಗೊತ್ತಿರುತ್ತಿರಲಿಲ್ಲ."

ಅವಳು ಕಣ್ಣು ಒರೆಸಿಕೊಳ್ಳಲು ಹೋಗಿ ಕೆನ್ನೆಗೆ ಕೆಸರು ಹಚ್ಚಿಕೊಂಡಳು.

"ಇಷ್ಟು ವರ್ಷ ಇದೇ ಕೆಲಸ ಮಾಡಿದ್ದೀರಿ. ಒಬ್ಬರಾದರೂ ಬನ್ನಿ, ಕೂತುಕೊಳ್ಳಿ ಅಂದದ್ದಿದೆಯಾ?"

"ಇಲ್ಲ."

"ಆ ಕೇರಿಯಲ್ಲಿ ಒಬ್ಬರಿಗೂ ನಿಮ್ಮ ಹೆಸರು ಕೂಡ ಗೊತ್ತಿಲ್ಲ ಮಾಸ್ಟ್ರೇ."

ಮೋನಪ್ಪ ಮಾಸ್ಟ್ರು ದೀಪಗಳನ್ನೇ ನೋಡುತ್ತಿದ್ದರು.

"ಪೈಪು ಒಡೆದ ದಿನ ಎಲ್ಲರಿಗೂ ಗೊತ್ತಾಗುತ್ತದೆ. ಅಂಥ ದಿನ ಬಾರದೆ ಇರಲಿ ಮಗಾ."