ನೆರಳಿಗೆ ಜಾಗ ಬಿಟ್ಟ ಗರಿಕೆ

ಭೂಮಿಯ ಮಣ್ಣು ಇನ್ನೂ ಹಸಿಹಸಿಯಾಗಿದ್ದ ಕಾಲವದು. ಬೆಟ್ಟಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಹೊಳೆ, ಹಕ್ಕಿ, ಹುಲ್ಲು, ಮನುಷ್ಯರು ಎಲ್ಲರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿತ್ತು.

ಆಗ ಹೊಳೆಯ ಈಚೆ ದಡದಲ್ಲಿ ಇದ್ದದ್ದು ಗರಿಕೆ ಹುಲ್ಲೊಂದೇ. ಕಣ್ಣು ಹಾಯಿಸಿದಷ್ಟು ದೂರವೂ ಗರಿಕೆ. ನೋಡಲು ಬಲು ಚೆಂದ. ಆದರೆ ಚೆಂದ ನೋಡಿಕೊಂಡು ಎಷ್ಟು ಹೊತ್ತು ಕೂರುತ್ತೀರಿ? ನೆತ್ತಿ ಸುಡುವಾಗ ಓಡಿಹೋಗಿ ನಿಲ್ಲಲು ಅಂಗೈಯಗಲ ನೆರಳೂ ಇರಲಿಲ್ಲ. ಮರಗಳೆಲ್ಲ ಆಚೆ ದಡದಲ್ಲಿದ್ದವು. ಆ ಹೊಳೆಯನ್ನು ದಾಟಿದ ಮನುಷ್ಯರು ಯಾರೂ ಇರಲಿಲ್ಲ.

ಆ ಬಯಲಿನಲ್ಲಿ ಮಾಕವ್ವ ತನ್ನ ಗಂಡ ಬೊಮ್ಮನ ಜೊತೆ ಒಂದು ಗುಡಿಸಲು ಹಾಕಿಕೊಂಡು, ಒಂದು ಹಸು ಕಟ್ಟಿಕೊಂಡು ಬದುಕುತ್ತಿದ್ದಳು. ಹುಲ್ಲಿನ ಗುಡಿಸಲು ಒಳಗೆ ಒಲೆಯ ಹಾಗೆ ಕಾಯುತ್ತಿತ್ತು. ಅವಳ ಚೊಚ್ಚಲ ಮಗು ಹುಟ್ಟಿದ್ದು ಕಡುಬೇಸಿಗೆಯಲ್ಲಿ. ಮಾಕವ್ವ ಸೆರಗು ಮರೆ ಮಾಡಿದಳು. ತಾನೇ ಬಗ್ಗಿ ನಿಂತು ನೆರಳಾದಳು. ಆದರೂ ಝಳ ತಾಳಲಾರದೆ ಮಗು ಬಾಡಿ, ಕಣ್ಣು ಮುಚ್ಚಿತು. ಗಂಡ ಹೆಂಡತಿ ಅದನ್ನು ಬಯಲಲ್ಲೇ ಮಣ್ಣು ಮಾಡಿದರು.

ಮಳೆ ಬಂತು. ಗರಿಕೆ ಹಬ್ಬಿತು, ಹಬ್ಬಿ ಆ ಪುಟ್ಟ ಗುಡ್ಡೆಯನ್ನು ಮುಚ್ಚಿಬಿಟ್ಟಿತು. ಮಾಕವ್ವ ತನ್ನ ಕೂಸು ಮಲಗಿದ ಜಾಗವನ್ನು ಹುಡುಕಿದಳು, ಮತ್ತೆ ಹುಡುಕಿದಳು. ಎಲ್ಲ ಕಡೆ ಒಂದೇ ಹಸಿರು. ಗುರುತೇ ಸಿಗಲಿಲ್ಲ.

"ಮರ ಹುಟ್ಟೋಕೆ ಬಿಡದೆ ನನ್ನ ಕೂಸನ್ನ ಕೊಂದೋಳೂ ನೀನೇ, ಈಗ ಬಚ್ಚಿಟ್ಟೋಳೂ ನೀನೇ," ಎಂದು ಗರಿಕೆಗೆ ಹಿಡಿ ಮಣ್ಣು ತೂರಿ ಶಾಪ ಹಾಕಿದಳು. ಉತ್ತರಕ್ಕೂ ಕಾಯದೆ ಹೊರಟುಹೋದಳು.

ಮರುವರ್ಷ ಮಾಕವ್ವ ಮತ್ತೆ ಬಸುರಾದಳು. ಸಂತೋಷ ಪಡಬೇಕಾದವಳು ಹೆದರಿದಳು. ಈ ಕೂಸೂ ಬಿಸಿಲಿನ ಪಾಲಾದರೆ ತಾನು ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಹೊಳೆಯ ಮೇಲೆ ಹಾರುತ್ತಿದ್ದ ಗೊರವಂಕ ಹಕ್ಕಿ ಅವಳ ಬಳಿ ಬಂದು ಕೂತಿತು. "ಆಚೆ ದಡದಿಂದ ಬೇವಿನ ಬೀಜ ತರ್ತೀನಿ ಕಣವ್ವ, ನೇರಳೆ ಬೀಜಾನೂ ತರ್ತೀನಿ. ಆದ್ರೆ ಈ ಗರಿಕೆ ಮಧ್ಯೆ ಉದುರಿಸಿದ್ದೆಲ್ಲ ಉಸಿರುಕಟ್ಟಿ ಸಾಯ್ತದೆ. ಮೊದಲು ಜಾಗ ಮಾಡು."

"ಅವರೆ, ಕುಂಬಳದ ಬೀಜ ನಾನು ತೇಲಿಸಿ ತರ್ತೀನಿ," ಎಂದಿತು ಹೊಳೆ. "ನೀನು ಜಾಗ ಮಾಡು."

ಮಾಕವ್ವ ಗುದ್ದಲಿ ಹಿಡಿದಳು. ಗರಿಕೆಯನ್ನು ಕಿತ್ತಳು. ಕಿತ್ತರೂ ಅವಳ ಸಿಟ್ಟು ತಣಿಯಲಿಲ್ಲ. ಅದರ ಉದ್ದುದ್ದ ಬಳ್ಳಿಗಳನ್ನು ಕಚಕಚನೆ ಕೊಚ್ಚಿ, ಅಗೆದ ಮಣ್ಣಿನ ಮೇಲೆಲ್ಲ ಎರಚಿದಳು. "ಬಿದ್ದು ಒಣಗು," ಎಂದಳು.

ಮಾರನೆಯ ದಿನ ತುಂತುರು ಮಳೆ ಬಿತ್ತು. ಒಂದೊಂದು ತುಂಡೂ ತನ್ನ ಗಿಣ್ಣಿನಿಂದ ಬೇರಿಳಿಸಿ ಎದ್ದು ನಿಂತಿತು. ಒಂದಿದ್ದ ಕಡೆ ಹತ್ತಾಯಿತು. ಕೋಪದಲ್ಲಿ ಮಾಕವ್ವ ತನ್ನ ಹಗೆಯನ್ನು ತಾನೇ ಕೈಯಾರೆ ಬಿತ್ತಿದ್ದಳು, ಪಾಪ. ಗೊರವಂಕ ತಂದ ಬೀಜಗಳು ಮೊಳೆತವು, ಗರಿಕೆಯಡಿ ಸಿಕ್ಕಿ ಸತ್ತವು.

ಬಸುರಿ ಮಾಕವ್ವ ಮತ್ತೆ ಗುದ್ದಲಿ ಎತ್ತಿದಳು. ಬೊಮ್ಮ ಬೇಡವೆಂದರೂ ಕೇಳಲಿಲ್ಲ. ಅಗೆಯುತ್ತ ಅಗೆಯುತ್ತ ಹೋದವಳಿಗೆ ಒಂದು ಕಡೆ ಗುದ್ದಲಿ ಇಳಿಯಲೇ ಇಲ್ಲ. ಅಲ್ಲಿ ಗರಿಕೆ ಚಾಪೆಯ ಹಾಗೆ ಬಿಗಿಯಾಗಿ ಹೆಣೆದುಕೊಂಡಿತ್ತು.

ಆಗ ಗರಿಕೆ ಮಾತಾಡಿತು.

"ಇಲ್ಲಿ ಬೇಡ ಕಣವ್ವ. ಬೇರೆ ಎಲ್ಲಾದ್ರೂ ಅಗಿ. ಇಲ್ಲಿ ಮಾತ್ರ ಬೇಡ."

"ಯಾಕೆ? ಇದೇನು ನಿಮ್ಮಪ್ಪನ ಗಂಟಾ?"

"ಇಲ್ಲಿ ನಿನ್ನ ಕೂಸು ಮಲಗಿದೆ."

ಮಾಕವ್ವನ ಕೈಯಿಂದ ಗುದ್ದಲಿ ಜಾರಿ ಬಿತ್ತು.

"ನೀವು ಮಣ್ಣು ಮಾಡಿ ಹೋದ್ಮೇಲೆ ನರಿ ಬಂತು," ಎಂದಿತು ಗರಿಕೆ. "ಮೂಸಿತು, ಕೆರೆಯೋಕೆ ಶುರು ಮಾಡ್ತು. ಅಟ್ಟೋಕೆ ನನಗೆ ಕೈಯಿಲ್ಲ. ನನಗಿದ್ದದ್ದು ಬೇರು ಮಾತ್ರ. ಬೇರಿಗೆ ಬೇರು ಹೆಣೆದು ಹೊದಿಸಿದೆ. ನರಿ ಉಗುರು ಇಳೀಲಿಲ್ಲ. ಬಚ್ಚಿಟ್ಟಿದ್ದಲ್ಲ ಕಣವ್ವ. ಕಾದಿದ್ದು."

"ಅವತ್ತೇ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ. ಬೈದು ಹೊರಟೋದೆ."

ಮಾಕವ್ವ ಅಲ್ಲೇ ಕೂತಳು. ಗರಿಕೆಯ ಮೇಲೆ ಕೈಯಿಟ್ಟು ಮನಸಾರೆ ಅತ್ತಳು. ಕೂಸು ಸತ್ತಾಗಲೂ ಅವಳು ಅಷ್ಟು ಅತ್ತಿರಲಿಲ್ಲ. ಅತ್ತು ಮುಗಿದ ಮೇಲೆ ತನ್ನ ಹೊಟ್ಟೆ ತೋರಿಸಿದಳು. "ಇನ್ನೊಂದು ಬರ್ತಾ ಇದೆ ತಾಯಿ. ಇದಕ್ಕೆ ನೆರಳು ಬೇಕು."



"ಮರ ಬಂದ್ರೆ ನನಗೆ ಬಿಸಿಲು ಸಿಗಲ್ಲ," ಎಂದಿತು ಗರಿಕೆ. "ನಿನ್ನ ಕೂಸನ್ನ ಕೊಂದ ಬಿಸಿಲೇ ನನಗೆ ಅನ್ನ. ನೆರಳಲ್ಲಿ ನಾನು ಬದುಕಲ್ಲ. ಆದ್ರೂ ಈ ಕೂಸಿನ ಜೊತೆ ಇದ್ದೂ ಇದ್ದೂ ನನಗೂ ಕರುಳು ಬಂದಿದೆ. ಇನ್ನೊಂದು ಕೂಸನ್ನ ನನ್ನ ಕೆಳಗೆ ಮಲಗಿಸಿಕೊಳ್ಳೋಕೆ ನನ್ನಿಂದ ಆಗಲ್ಲ. ಮರ ನೆಡು. ನೆರಳು ಬಿದ್ದಷ್ಟು ಜಾಗ ನಾನಾಗೇ ಬಿಟ್ಟು ಸರೀತೀನಿ."

"ನಿನಗೇನು ಕೊಡಲಿ?"

"ನೀನು ಮಾಡೋ ಪಾತಿಗಳ ಅಂಚು ನನಗಿರಲಿ, ಮಣ್ಣು ಹರಿದು ಹೋಗದ ಹಾಗೆ ಹಿಡ್ಕೋತೀನಿ. ಮತ್ತೆ ಈ ಜಾಗ. ಇಂಥ ಜಾಗ ಎಲ್ಲಿದ್ರೂ ನನಗೇ ಬಿಡು."

ಮಾಕವ್ವ ಸಗಣಿಯ ಮುದ್ದೆ ಮಾಡಿ, ಅದರ ನೆತ್ತಿಗೆ ಗರಿಕೆಯ ಎಳೆ ಸಿಕ್ಕಿಸಿ, ಮುಂದಿಟ್ಟು ಕೈಮುಗಿದಳು. ಆಮೇಲಷ್ಟೇ ಗುದ್ದಲಿ ಮುಟ್ಟಿದಳು. ಈ ಸಲ ಕೊಚ್ಚಲಿಲ್ಲ. ಬಳ್ಳಿಗಳನ್ನು ಇಡಿಯಾಗಿ ಬಿಡಿಸಿ, ಪಾತಿಗಳ ಅಂಚಿಗೆ ಎತ್ತಿಟ್ಟು ಮಣ್ಣು ಹಾಕಿ ಕೂರಿಸಿದಳು. ಗೊರವಂಕ ಮತ್ತೆ ಬೀಜ ತಂದಿತು, ಹೊಳೆ ತನ್ನ ಪಾಲಿನದು ತೇಲಿಸಿ ತಂದಿತು, ಬೊಮ್ಮ ನೀರು ಹೊತ್ತ. ಆಗಿನ ಹೊಸ ಮಣ್ಣಿಗೆ ಬಹಳ ಅವಸರ. ಒಂದೇ ಮಳೆಗಾಲದಲ್ಲಿ ಬೇವು ಗುಡಿಸಲನ್ನು ಮೀರಿ ಬೆಳೆಯಿತು, ನೇರಳೆ ಕೊಂಬೆ ಚಾಚಿತು, ಪಾತಿಗಳಲ್ಲಿ ಅವರೆ ಹೂಬಿಟ್ಟಿತು, ಕುಂಬಳದ ಬಳ್ಳಿ ಕಾಲಿಗೆ ತೊಡರುವಷ್ಟು ಹಬ್ಬಿತು. ನೆರಳು ಅಗಲವಾದಂತೆಲ್ಲ ಗರಿಕೆ ಹಿಂದಕ್ಕೆ ಸರಿಯಿತು. ತನ್ನ ಮಾತಿಗೆ ಒಂದು ದಿನವೂ ತಪ್ಪಲಿಲ್ಲ.

ಬೇಸಿಗೆ ಬಂತು. ಬೇವಿನ ಕೆಳಗೆ ಮಾಕವ್ವ ಹೆಣ್ಣುಮಗು ಹೆತ್ತಳು. ಮಗು ಬಾಡಲಿಲ್ಲ. ಕೊಂಬೆಗೆ ಕಟ್ಟಿದ ಜೋಳಿಗೆಯಲ್ಲಿ ಕೈಕಾಲು ಆಡಿಸುತ್ತ ನಕ್ಕಿತು. ಮಾಕವ್ವ ಅದನ್ನು ಎತ್ತಿಕೊಂಡು ನೆರಳಿನಾಚೆ ನಡೆದು, ತನ್ನ ಮೊದಲ ಕೂಸನ್ನು ಹೊದಿಸಿ ಬಿಸಿಲಿನಲ್ಲಿ ಹಸಿರಾಗಿ ನಿಂತಿದ್ದ ಗರಿಕೆಯ ಬಳಿ ಕೂತಳು. "ನೋಡು, ನಿನ್ನ ತಂಗಿ," ಎಂದಳು.

ಅದಕ್ಕೇ ಕಣ್ರೋ ಮಕ್ಕಳೇ, ಇವತ್ತಿಗೂ ದಟ್ಟ ಮರದ ಬುಡದಲ್ಲಿ ಗರಿಕೆ ಬೆಳೆಯುವುದಿಲ್ಲ, ನೆರಳಿನ ಗಡಿಗೆ ಬಂದು ನಿಂತುಬಿಡುತ್ತದೆ. ಆದರೆ ಸತ್ತವರನ್ನು ಅಳುತ್ತ ಮಣ್ಣು ಮಾಡಿ ಮನೆಗೆ ಬಂದವರು ಮಳೆ ಕಳೆದು ಮತ್ತೆ ಹೋಗಿ ನೋಡಿದರೆ, ಯಾರೂ ಬಿತ್ತದೆ, ಯಾರೂ ಕರೆಯದೆ, ಅಲ್ಲಿ ಗರಿಕೆ ಬಂದು ಹೊದಿಸಿರುತ್ತದೆ.