ಖಾಲಿ ಗದ್ದುಗೆಗೆ ಬಂದ ರಕ್ಕಸ

"ಕೇಳ್ರಪ್ಪೋ ಕೇಳಿ! ಮೇಲ್ಪೇಟೆಯವರೂ ಕೇಳಿ, ಕೆಳಪೇಟೆಯವರೂ ಕೇಳಿ! ಚಾವಡಿಯ ಗದ್ದುಗೆ ಏರಿರುವ ರಕ್ಕಸ ದೊರೆಯ ಅಪ್ಪಣೆ! ಮಂಗಳವಾರಕ್ಕೊಬ್ಬರು ಬಂದು ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಗದ್ದುಗೆ. ತಪ್ಪಿದವರು ದೊರೆಗೆ ಊಟ. ಯಾರೂ ಬಾರದಿದ್ದರೆ ಊರಿಗೆ ಊರೇ ಊಟ!"

ತಮಟೆ ಬಡಿಯುವವನು ಇಷ್ಟು ಸಾರಿ ಮುಂದಿನ ಬೀದಿಗೆ ಓಡಿದ. ಓಡದೆ ಇನ್ನೇನು ಮಾಡಿಯಾನು, ಪಾಪ.

ಜೋಡಿಪೇಟೆ ಎಂಬ ಆ ಪಟ್ಟಣ ಇಳಿಜಾರಿನಲ್ಲಿತ್ತು. ಗುಡ್ಡದ ಮಗ್ಗುಲಿಗೆ ಮೇಲ್ಪೇಟೆ, ಕೆರೆಯ ಮಗ್ಗುಲಿಗೆ ಕೆಳಪೇಟೆ, ನಡುವೆ ಮಂಗಳವಾರದ ಸಂತೆಮಾಳ, ಅದರಂಚಿಗೆ ಚಾವಡಿ. ಚಾವಡಿಯ ಗದ್ದುಗೆಯಲ್ಲಿ ಕೂತವನೇ ಊರ ಯಜಮಾನ. ಕೆರೆ ನೀರು ಹಂಚುವುದು, ಸಂತೆ ಸುಂಕ ಎತ್ತುವುದು, ಬೀದಿ ಗುಡಿಸುವುದು, ಎಲ್ಲ ಅವನ ಮಾತಿನಂತೆ. ಎರಡು ಪೇಟೆಯ ಹಿರಿಯರು ಒಂದೊಂದು ಕೈ ಹಿಡಿದು ಕೂರಿಸಿದರೆ ಮಾತ್ರ ಯಜಮಾನಿಕೆ. ಅದು ಅಲ್ಲಿಯ ಕಟ್ಟಳೆ.

ಹಳೆಯ ಯಜಮಾನ ತೀರಿಕೊಂಡ. ಮೇಲ್ಪೇಟೆ ಹೆಸರಿಸಿದವನನ್ನು ಕೆಳಪೇಟೆ ಒಪ್ಪಲಿಲ್ಲ, ಕೆಳಪೇಟೆಯವನನ್ನು ಮೇಲ್ಪೇಟೆ ಒಪ್ಪಲಿಲ್ಲ. "ಅವರವನು ಕೂರುವುದಕ್ಕಿಂತ ಖಾಲಿ ಇರಲಿ" ಅಂದರು ಇಬ್ಬರೂ. ಭಲೇ ಬುದ್ಧಿವಂತರು! ಗದ್ದುಗೆಗೆ ಧೂಳು ಹಿಡಿಯಿತು. ಒಂದು ದಿನ ಮಟಮಟ ಮಧ್ಯಾಹ್ನ ನೋಡಿದರೆ ಅದರ ಮೇಲೆ ರಕ್ಕಸ ಕೂತಿದ್ದ.

ಮೊದಲ ಮಂಗಳವಾರ ಮೇಲ್ಪೇಟೆಯ ಪೈಲ್ವಾನ ಬಂಡೆಪ್ಪ ಮೀಸೆ ತಿರುವುತ್ತ ಒಳಹೋದ.

"ಎಲ್ಲರ ಮನೆಯಿಂದಲೂ ಹೊರಡುತ್ತದೆ, ಯಾರ ಮನೆಗೂ ಬೇಡ. ಇಳಿಯುವುದು ಗೊತ್ತು, ಹತ್ತುವುದು ಗೊತ್ತಿಲ್ಲ. ಏನದು?" ಎಂದ ರಕ್ಕಸ.

"ಹೆಣ!" ಎಂದ ಬಂಡೆಪ್ಪ.

"ನಿಮ್ಮ ಸುಡುಗಾಡು ಗುಡ್ಡದ ಮೇಲಲ್ಲವೇನೋ? ಹೆಣ ಹತ್ತುತ್ತದಲ್ಲೋ!"

ಬಾಗಿಲು ತಾನಾಗಿ ಮುಚ್ಚಿತು. ಹೊರಗಿದ್ದವರಿಗೆ ಒಂದು ಕೂಗು ಕೇಳಿಸಿತು, ಆಮೇಲೆ ಅದೂ ಇಲ್ಲ.

ಎರಡನೆಯ ವಾರ ಕೆಳಪೇಟೆಯ ಮಾತಿನಮಲ್ಲ ವೀರಣ್ಣ ಹೋದ. ಅವನಿಗೆ ರಕ್ಕಸ ಬೇರೆಯದನ್ನೇ ಕೇಳಿದ. "ಹುಟ್ಟಿದ ದಿನವೇ ಸಾಯುತ್ತದೆ, ಸತ್ತರೆ ಯಾರೂ ಅಳುವುದಿಲ್ಲ. ಹುಟ್ಟದಿದ್ದರೆ ಊರೇ ಅಳುತ್ತದೆ. ಏನದು?"

"ಹಗಲು, ಮಹಾಸ್ವಾಮಿ!"

"ಹಗಲು ಹುಟ್ಟದ ದಿನವನ್ನು ಎಲ್ಲಿ ಕಂಡೆಯಪ್ಪಾ?" ಎಂದು ರಕ್ಕಸ ನಕ್ಕ. ಮತ್ತೆ ಬಾಗಿಲು ಮುಚ್ಚಿತು.

ಮೂರನೆಯ ವಾರ ಯಾರೂ ಮುಂದೆ ಬರಲಿಲ್ಲ. ಚೀಟಿ ಎತ್ತಿದರು. ಕೆಳಪೇಟೆಯ ಬುಟ್ಟಿ ಹೆಣೆಯುವ ಚೌಡನ ಹೆಸರು ಬಂತು. ಅವನ ಹೆಂಡತಿ ಮಲ್ಲಾಜಿ ಮೇಲ್ಪೇಟೆಯ ಮಗಳು, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ನೀವು ಮನೆಯಲ್ಲಿರಿ. ಡಂಗುರದಲ್ಲಿ ಗಂಡಸೇ ಬರಬೇಕು ಅಂದಿಲ್ಲ, ನಾನು ಹೋಗ್ತೀನಿ."

"ಹುಚ್ಚು ಹಿಡಿಯಿತೇನೇ ನಿನಗೆ? ಹೆದರಿಕೆ ಇಲ್ಲವಾ?"

"ಇದೆ. ನಿಮ್ಮನ್ನು ಕಳಿಸಿ ಇಲ್ಲಿ ಕೂರುವುದಕ್ಕೆ ಇನ್ನೂ ಹೆದರಿಕೆ" ಎಂದವಳೇ ಹೊರಗಿನಿಂದ ಚಿಲಕ ಹಾಕಿ ನಡೆದಳು.

ಚಾವಡಿಯೊಳಗೆ ಹಸಿ ರಕ್ತದ ನಾತ. ನೆಲದ ಮೇಲೆ ಬಂಡೆಪ್ಪನ ರುಮಾಲು ಬಿದ್ದಿತ್ತು. ಮಲ್ಲಾಜಿ ಅದನ್ನು ದಾಟಿ ಗದ್ದುಗೆಯ ಮುಂದೆ ನಿಂತಳು. ರಕ್ಕಸ ಬಂಡೆಪ್ಪನಿಗೆ ಕೇಳಿದ್ದನ್ನೇ ಮೊದಲ ಒಗಟಾಗಿ ಹಾಕಿದ.

"ಬಚ್ಚಲ ನೀರು" ಎಂದಳು. "ತವರಲ್ಲಿದ್ದಾಗ ನಾನೇ ದಿನಾ ಬೀದಿಗೆ ಚೆಲ್ಲುತ್ತಿದ್ದೆ. ಎಲ್ಲಿಗೆ ಹೋಗುತ್ತದೆ ಅಂತ ಒಂದು ದಿನವೂ ಕೇಳಲಿಲ್ಲ. ಮದುವೆಯಾಗಿ ಬಂದ ದಿನ ಅದೇ ನೀರು ತುಳಿದುಕೊಂಡು ಗಂಡನ ಮನೆ ಹೊಸ್ತಿಲು ದಾಟಿದೆ."

ರಕ್ಕಸ ಗುರುಗುಟ್ಟಿ, ವೀರಣ್ಣನಿಗೆ ಕೇಳಿದ್ದನ್ನು ಎರಡನೆಯದಾಗಿ ಹಾಕಿದ.

"ಸಂತೆ. ಬೆಳಗ್ಗೆ ಹುಟ್ಟಿ ಸಂಜೆಗೆ ಸಾಯುತ್ತದೆ. ನೀನು ಬಂದಾಗಿನಿಂದ ಹುಟ್ಟೇ ಇಲ್ಲ. ನಮ್ಮ ಬುಟ್ಟಿ ಕೊಳ್ಳುವವರಿಲ್ಲ, ಮೇಲ್ಪೇಟೆಯ ಎಣ್ಣೆ ಕೊಳ್ಳುವವರಿಲ್ಲ. ಎರಡೂ ಕಡೆ ಒಲೆ ತಣ್ಣಗಾಗಿದೆ."

ರಕ್ಕಸ ಮುಂದಕ್ಕೆ ಬಾಗಿದ. ಅವನ ಉಸಿರು ಅವಳ ಮುಖಕ್ಕೆ ಬಡಿಯಿತು. "ನನ್ನನ್ನು ಯಾರೂ ಕರೆಯಲಿಲ್ಲ. ಆದರೂ ಊರೆಲ್ಲ ಸೇರಿ ನನಗೊಂದು ಜಾಗ ಹಿಡಿದಿಟ್ಟಿತ್ತು. ಏನಂದು ಹಿಡಿದಿಟ್ಟಿತು, ಹೇಳು."

ಮಲ್ಲಾಜಿಗೆ ಗಂಡನ ಮುಖ ಕಣ್ಣ ಮುಂದೆ ಬಂತು. ತಲೆ ತಗ್ಗಿಸಿದಾಗ ರಕ್ಕಸನ ತೊಡೆಯ ಪಕ್ಕದಲ್ಲಿ, ಗದ್ದುಗೆಯ ಮೇಲೆ, ದಪ್ಪಗೆ ಕೂತಿದ್ದ ಧೂಳು ಕಾಣಿಸಿತು. ತವರಲ್ಲಿ ಅಪ್ಪ ಆಡಿದ ಮಾತು ನೆನಪಾಯಿತು. ಗಂಡನ ಮನೆಯಲ್ಲಿ ಮಾವನೂ ಅದೇ ಮಾತು ಆಡಿದ್ದ.

"'ಖಾಲಿ ಇರಲಿ' ಅಂದು" ಎಂದಳು.

ರಕ್ಕಸ ಎದ್ದು ನಿಂತ. ಜಂತೆ ಕಿರುಗುಟ್ಟಿತು. "ಬಿಡಿಸಿದೆ. ನಾನು ಹೊಸ್ತಿಲು ದಾಟುವುದರೊಳಗೆ ಕಟ್ಟಳೆಯಂತೆ ಗದ್ದುಗೆ ತುಂಬಬೇಕು. ಇಲ್ಲವೋ, ತಿರುಗಿ ಬರುತ್ತೇನೆ."

ಬಾಗಿಲು ತೆರೆಯಿತು. ಹೊರಗೆ ಊರೇ ನಿಂತಿತ್ತು. ಈಗಲಾದರೂ ಬುದ್ಧಿ ಬಂತೇ? "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಅವಳೀಗ ಅವರ ಸೊಸೆ, ನಾವು ಕೈ ಹಿಡಿಯೆವು" ಎಂದರು ಮೇಲ್ಪೇಟೆಯ ಹಿರಿಯರು. "ಎಷ್ಟಾದರೂ ಅವರ ಮಗಳು, ನಾವು ಹಿಡಿಯೆವು" ಎಂದರು ಕೆಳಪೇಟೆಯವರು. ಒಂದು ಕಾಲು ಹೊಸ್ತಿಲಾಚೆ ಇಟ್ಟಿದ್ದ ರಕ್ಕಸ ಹಲ್ಲು ಕಿರಿದು ಹಿಂದಕ್ಕೆ ತಿರುಗಿದ.

"ಅಪ್ಪಾ! ಮಾವಯ್ಯಾ!" ಎಂದು ಮಲ್ಲಾಜಿ ಚೀರಿದಳು.

ಅವಳ ಅಪ್ಪ ಕರಿಯಣ್ಣ ಮೇಲ್ಪೇಟೆಯ ಹಿರಿಯ, ಮಾವ ದೊಡ್ಡಯ್ಯ ಕೆಳಪೇಟೆಯ ಹಿರಿಯ. ಮೇಲಿನ ಬಚ್ಚಲ ನೀರು ಕೆಳಪೇಟೆಗೆ ಹರಿಯುವ ಜಗಳದಲ್ಲಿ ಬೀಗರಿಬ್ಬರೂ ಮಾತು ಬಿಟ್ಟಿದ್ದರು. ಇಬ್ಬರೂ ಒಟ್ಟಿಗೇ ಓಡಿದರು. ರಕ್ಕಸನ ಕಂಕುಳಡಿ ನುಸುಳಿ, ಒಬ್ಬ ಬಲಗೈ, ಇನ್ನೊಬ್ಬ ಎಡಗೈ ಹಿಡಿದು ಅವಳನ್ನು ಧೂಳಿನ ಮೇಲೆಯೇ ಕೂರಿಸಿದರು. ರಕ್ಕಸ ಊಳಿಟ್ಟು ಇಳಿಜಾರು ಹಿಡಿದು ಹೋದವನು ಮತ್ತೆ ಕಾಣಲಿಲ್ಲ.

ಮಲ್ಲಾಜಿ ಮೊದಲು ಗಂಡನನ್ನು ಕೂಡಿಹಾಕಿದ್ದ ಚಿಲಕ ತೆಗೆಸಿದಳು. ಆಮೇಲೆ ಎರಡೂ ಪೇಟೆಯವರ ಕೈಗೆ ಗುದ್ದಲಿ ಕೊಟ್ಟು, ಬಚ್ಚಲ ನೀರು ಊರಾಚೆಯ ಹೊಲಕ್ಕೆ ಹೋಗುವಂತೆ ಕಾಲುವೆ ತೋಡಿಸಿದಳು. ಮಂಗಳವಾರ ಮತ್ತೆ ಸಂತೆ ಕೂಡಿತು.

ಇವತ್ತಿಗೂ ಆ ಊರಲ್ಲಿ ಯಜಮಾನರು ನೀರು ಕುಡಿಯಲು ಎದ್ದರೂ, ಅವರು ಬರುವ ತನಕ ಯಾರಾದರೊಬ್ಬರು ಗದ್ದುಗೆಯ ಮೇಲೆ ಕೈ ಇಟ್ಟಿರುತ್ತಾರೆ. ಹೊರಗಿನಿಂದ ಬಂದವರು ನೋಡಿ ನಗುತ್ತಾರೆ. ಬಂಡೆಪ್ಪನ ಮನೆಯವರು, ವೀರಣ್ಣನ ಮನೆಯವರು ನಗುವುದಿಲ್ಲ.